ಬುಟ್ಟಿ ತುಂಬಿದೆ ಎಂದು ಸುಮ್ಮನಿರುವವರಿಗೆ

ಮಂಗಳೂರಿನ ಹಳೆ ಬಂದರಿನ ದಕ್ಕೆಯಾಗಲಿ ಮಲ್ಪೆಯಾಗಲಿ, ಬೆಳಗಿನ ಹರಾಜಿನ ಹೊತ್ತಿಗೆ ಎಲ್ಲರ ಕಣ್ಣು ಅಂಜಲ್, ಮಾಂಜಿ, ಸಿಗಡಿಯ ಬುಟ್ಟಿಗಳ ಮೇಲೆ. ಅದರಾಚೆ ಇನ್ನೊಂದು ರಾಶಿ ಬಿದ್ದಿರುತ್ತದೆ. ಅದಕ್ಕೆ ಹರಾಜು ಕೂಗುವವರಿಲ್ಲ, ಕೂತು ಆರಿಸುವ ಹೆಂಗಸರಿಲ್ಲ. ಸಲಿಕೆಯಲ್ಲಿ ಬಾಚಿ ಫಿಶ್‌ಮೀಲ್ ಕಾರ್ಖಾನೆಯ ಲಾರಿಗೆ ತುಂಬುತ್ತಾರೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಅದರಲ್ಲಿ ಬೆರಳುದ್ದದ ಬಂಗುಡೆ ಮರಿಗಳಿರುತ್ತವೆ, ಮದ್ಮಲ್ ಮರಿಗಳಿರುತ್ತವೆ, ಹೆಬ್ಬೆರಳು ಗಾತ್ರದ ಬೊಂಡಾಸ್ ಇರುತ್ತವೆ. ಒಂದೆರಡು ಮೀನಿನ ಹೊಟ್ಟೆ ಸೀಳಿದರೆ ಮೊಟ್ಟೆಯ ಚೀಲ ಇರಬೇಕಾದ ಕಡೆ ಕಂಡೂ ಕಾಣದ ತೆಳು ಗೆರೆಯೊಂದು ಸಿಗುತ್ತದೆ, ಅಷ್ಟೆ. ಅಂದರೆ ಒಮ್ಮೆಯೂ ಮೊಟ್ಟೆ ಇಡದೆ ದಡ ಸೇರಿದ ಮೀನು. ಮುಂದಿನ ಮಳೆಗಾಲ ಕಳೆದ ಮೇಲೆ ಬುಟ್ಟಿ ತುಂಬಬೇಕಾಗಿದ್ದದ್ದು ಈಗಲೇ ಹಿಟ್ಟಾಗಲು ಹೊರಟಿದೆ. ಇದನ್ನು ಕಂಡು ಯಾರೂ ಗಾಬರಿಯಾಗುವುದಿಲ್ಲ. ಲಾರಿಗೆ ಕೆಲಸ ಸಿಕ್ಕಿದೆ, ಡೀಸೆಲ್ ಖರ್ಚಿನಲ್ಲಿ ಒಂದಿಷ್ಟು ಹುಟ್ಟಿದೆ, ತೂಕದ ಪುಸ್ತಕದಲ್ಲಿ ಟನ್ನುಗಳು ಏರಿವೆ. ಈ ರಾಶಿಯ ಮುಂದೆ ಅಳತೆಪಟ್ಟಿ ಹಿಡಿದು ಕೂರಬೇಕಾದವರು ಯಾರು ಮತ್ತು ಅವರು ಎಲ್ಲಿ ಎಂಬುದೇ ನಮ್ಮ ಆತಂಕ.

ಅದಕ್ಕೆಂದೇ ಒಂದು ಪದವಿಯನ್ನು ನಾಡು ಕಟ್ಟಿಕೊಂಡಿತ್ತು. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು ಮಂಗಳೂರಿನಲ್ಲಿ, ಆಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ. ಈಗ ಅದು ಬೀದರ್‌ನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅನಂತರ ಬೇರೆ ರಾಜ್ಯಗಳೂ ಈ ದಾರಿ ಹಿಡಿದವು. ಕೇರಳ ಮತ್ತು ತಮಿಳುನಾಡು ಮೀನುಗಾರಿಕೆಗೆಂದೇ ವಿಶ್ವವಿದ್ಯಾಲಯಗಳನ್ನು ಕಟ್ಟಿದವು. ನಾಲ್ಕು ವರ್ಷದ ಈ ಬಿ.ಎಫ್.ಎಸ್‌ಸಿ. ಓದಿನಲ್ಲಿ ಹೊರಗಿನವರಿಗೆ ಕಾಣದ ಒಂದು ಕಸುಬಿದೆ. ಮೀನಿನ ತಲೆಯೊಳಗಿನ ಪುಟ್ಟ ಕಿವಿಗಲ್ಲನ್ನು ಹೊರತೆಗೆದು, ಅದರ ಸುತ್ತುಗಳನ್ನು ಎಣಿಸಿ ಮೀನಿನ ವಯಸ್ಸು ಹೇಳುವುದು. ಹೊಟ್ಟೆ ತೆರೆದು ಅದು ಬಲಿತಿದೆಯೇ ಇಲ್ಲವೇ ಎಂದು ಗುರುತಿಸುವುದು. ಬಲೆಯ ಕಣ್ಣು ಎಷ್ಟು ಅಗಲವಿದ್ದರೆ ಯಾವ ಮೀನು ಪಾರಾಗುತ್ತದೆ ಎಂದು ಲೆಕ್ಕ ಹಾಕುವುದು. ಕೆರೆಯ ನೀರಿನಲ್ಲಿ ಆಮ್ಲಜನಕ ಇಳಿದದ್ದನ್ನು ಮೀನು ತೇಲುವ ಮೊದಲೇ ತಿಳಿಯುವುದು. ಕೇರಳ 2015ರಲ್ಲಿ 14 ಜಾತಿಯ ಮೀನುಗಳಿಗೆ ಕನಿಷ್ಠ ಗಾತ್ರ ಗೊತ್ತುಮಾಡಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಸರ್ಕಾರಿ ಆದೇಶದಲ್ಲಿ ಇದು ಒಂದು ಸಾಲು. ಆ ಸಾಲಿನ ಹಿಂದೆ ಇರುವುದು ದಕ್ಕೆಯಲ್ಲಿ ಕೂತು ವರ್ಷಗಟ್ಟಲೆ ಮೀನು ಅಳೆದ, ಹೊಟ್ಟೆ ಸೀಳಿದ ಕೈಗಳ ಕೆಲಸ. 1997ರಲ್ಲಿ ಯುರೋಪಿಯನ್ ಒಕ್ಕೂಟ ನಮ್ಮ ಮೀನಿನ ಆಮದಿಗೆ ತಡೆ ಹಾಕಿದಾಗ ಸಂಸ್ಕರಣಾ ಘಟಕಗಳ ಸ್ವಚ್ಛತೆಯನ್ನು ದಾರಿಗೆ ತರುವುದಕ್ಕೂ ಇಂಥ ಓದು ಓದಿದವರೇ ಬೇಕಾಯಿತು.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಹದಿನಾಲ್ಕನೆಯದು ಕಡಲಿನ ಜೀವರಾಶಿಯದು. ಮಿತಿಮೀರಿದ ಮೀನುಗಾರಿಕೆಯನ್ನು 2020ರೊಳಗೆ ಕೊನೆಗಾಣಿಸಬೇಕೆಂದು ಅದರೊಳಗೇ ಒಂದು ಗಡುವಿತ್ತು. ಗಡುವು ಬಂದು ಹೋಯಿತು. ಹೋದದ್ದು ಎಷ್ಟು ಜನರ ಗಮನಕ್ಕೆ ಬಂತೋ ಗೊತ್ತಿಲ್ಲ. ಹಸಿವು, ದುಡಿಮೆ, ಹವಾಮಾನದ ಗುರಿಗಳಿಗೂ ಮೀನಿಗೂ ನಂಟಿದೆ ಎಂದು ವಿಚಾರ ಸಂಕಿರಣಗಳಲ್ಲಿ ಹೇಳುವುದು ಸುಲಭ, ಅದು ನಿಜವೂ ಹೌದು. ಆದರೆ ಆ ನಂಟಿನ ತಳದಲ್ಲಿ ಕೂತಿರುವುದು ಒಬ್ಬ ಪದವೀಧರ, ಅವನ ಕೈಯಲ್ಲಿನ ಅಳತೆ. ಅಳತೆ ತಪ್ಪಿದರೆ ಮೇಲಿನ ಹದಿನೇಳೂ ಬರಿಯ ಬಣ್ಣದ ಚೌಕಗಳು.

ಎಳೆಯ ಮೀನಿನ ಈ ಚಿಂತೆ ಹಳಬರಿಗೆ ಹೊಸದಲ್ಲ. 1940ರ ದಶಕದಲ್ಲಿ ಬೂತಾಯಿ ಕೈಕೊಟ್ಟಾಗ ಅಂದಿನ ಮದ್ರಾಸ್ ಸರ್ಕಾರ ಎಳೆಯ ಬೂತಾಯಿ ಹಿಡಿಯುವುದಕ್ಕೆ ನಿರ್ಬಂಧ ಹಾಕಿತ್ತು. ದಕ್ಷಿಣ ಕನ್ನಡ ಆಗ ಆ ಪ್ರಾಂತ್ಯದಲ್ಲೇ ಇತ್ತು. ನಿರ್ಬಂಧ ಹೆಚ್ಚು ಕಾಲ ಬಾಳಲಿಲ್ಲ. ಮೀನು ಮರಳಿತು, ಮಾತು ಮರೆತುಹೋಯಿತು. 1970ರ ದಶಕದ ನಡುವೆ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದವು. ಊರಿನ ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಆಗಲೂ ಒಟ್ಟು ಹಿಡಿದ ಮೀನಿನ ಅಂಕಿ ಚೆನ್ನಾಗಿಯೇ ಇತ್ತು, ಅದನ್ನು ತೋರಿಸಿಯೇ ಬಾಯಿ ಮುಚ್ಚಿಸಿದರು. ಅಡವಿಟ್ಟ ಚಿನ್ನದ ದುಡ್ಡಿನಲ್ಲಿ ಹಬ್ಬ ಮಾಡುವ ಮನೆಯಲ್ಲೂ ಆ ವರ್ಷದ ಊಟ ಚೆನ್ನಾಗಿಯೇ ಇರುತ್ತದೆ. ಕೇರಳದ ತೀರದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ಬಿಸಿನೀರು, ಮಳೆಯ ಏರುಪೇರು, ಬಲೆ, ಎಲ್ಲವೂ ಸೇರಿ ಆದ ಕುಸಿತ ಅದು. ಒಂದನ್ನೇ ದೂರಿ ಫಲವಿಲ್ಲ. ಬೂತಾಯಿ ಮತ್ತೆ ಬರುತ್ತದೆ, ಏರಿಳಿಯುವುದು ಅದರ ಹುಟ್ಟುಗುಣ ಎನ್ನುವವರ ಮಾತೂ ಸುಳ್ಳಲ್ಲ. ಆದರೆ ಯಾವ ಇಳಿತ ಹುಟ್ಟುಗುಣದ್ದು, ಯಾವುದು ನಮ್ಮ ಕೈಯಾರೆ ಆದದ್ದು ಎಂದು ಬಿಡಿಸಿ ಹೇಳಲು ಒಂದು ವರ್ಷದ ಟನ್ನಿನ ಅಂಕಿ ಸಾಲದು. ಇಪ್ಪತ್ತು, ಮೂವತ್ತು ವರ್ಷಗಳ ಬಿಡದ ಅಳತೆ ಬೇಕು.

ಸಣ್ಣ ಸೂಚನೆಗಳು ಈಗಲೂ ಬರುತ್ತಲೇ ಇವೆ. ಹವಳದ ದಿಬ್ಬಗಳ ಸುತ್ತ ಇರಬೇಕಾದ ಕೆಂಪು ಹಲ್ಲಿನ ಮೀನೊಂದು ನಮ್ಮ ಕರಾವಳಿಯಲ್ಲಿ ಹಿಂಡುಗಟ್ಟಿ ಬಲೆಗೆ ಬೀಳುತ್ತಿದೆ. ಮೀನುಗಾರರು ಅದನ್ನು ‘ಕಾರ್ಗಿಲ್’ ಎನ್ನುತ್ತಾರೆ. ತಿನ್ನಲು ಕೊಳ್ಳುವವರಿಲ್ಲ, ಹಾಗಾಗಿ ಕೇಳುವವರೂ ಇಲ್ಲ. ಇನ್ನೊಂದು ಕಡೆ, ತೆಂಗಿನ ಹೊಂಬಾಳೆ ಮತ್ತು ಗರಿಗಳನ್ನು ಪ್ಲಾಸ್ಟಿಕ್ ಬಾಟಲಿಯ ಜತೆ ಕಟ್ಟಿ ಕಡಲಿಗೆ ಇಳಿಬಿಟ್ಟು ಕಪ್ಪೆ ಬೊಂಡಾಸನ್ನು ಹಿಡಿಯುವುದುಂಟು. ಅದು ಅಲ್ಲಿಗೆ ಬರುವುದು ಮೊಟ್ಟೆ ಅಂಟಿಸಲು. ತಾಯಿ ಗಾಳಕ್ಕೆ, ಮೊಟ್ಟೆ ಗರಿಯ ಜತೆ ಕಸಕ್ಕೆ. ಒಳ್ಳೆಯ ತೂಕ, ಒಳ್ಳೆಯ ಬೆಲೆ, ಒಂದೆರಡು ಹಂಗಾಮು ಯಾರಿಗೂ ತಕರಾರಿಲ್ಲ.

ಕಡಲು ಬಿಟ್ಟು ಹೊಳೆಗೆ ಬಂದರೆ ಕಥೆ ಇನ್ನೂ ಕಹಿ. ಕಾವೇರಿಯ ಗೂನುಬೆನ್ನಿನ ಮಹಶೀರ್ ಜಗತ್ತಿನ ಗಾಳದವರೆಲ್ಲ ಹುಡುಕಿಕೊಂಡು ಬರುತ್ತಿದ್ದ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡು ತೂಗಿತ್ತು. ಮೀನು ಕಡಿಮೆಯಾಯಿತೆಂದು 1970ರ ದಶಕದಿಂದ ಕಾವೇರಿಗೆ ಮಹಶೀರ್ ಮರಿಗಳನ್ನು ಬಿಡುತ್ತ ಬಂದರು. ಬಿಟ್ಟದ್ದು ಬೇರೆ ಜಾತಿ, ನೀಲಿ ರೆಕ್ಕೆಯದು. ಅದು ಹೆಚ್ಚಿತು, ಕಿತ್ತಳೆ ರೆಕ್ಕೆಯ ಗೂನುಬೆನ್ನಿನದು ಕರಗಿತು. ಇದು ಟಾರ್ ರೆಮಾದೇವಿ ಎಂಬ ಜಾತಿಯೆಂದು ಖಚಿತವಾಗಿ ಗುರುತು ಸಿಕ್ಕಿದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಯನ್ನೂ ಸೇರಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇಲ್ಲಿ ಯಾರೂ ಕೆಟ್ಟದ್ದನ್ನು ಬಯಸಿರಲಿಲ್ಲ. ಎರಡು ಮೀನನ್ನು ಪಕ್ಕಪಕ್ಕದಲ್ಲಿಟ್ಟು ‘ಇದು ಅದಲ್ಲ’ ಎಂದು ಹೇಳುವ ಕಣ್ಣು ಹೊತ್ತಿಗೆ ಸರಿಯಾಗಿ ಹೊಳೆಯ ದಡದಲ್ಲಿರಲಿಲ್ಲ. ಇಂದಿಗೂ ಕೆರೆಗೆ ಮರಿ ಬಿಡುವ ಸಮಾರಂಭಗಳಲ್ಲಿ ಮರಿಗಳ ಲಕ್ಷದ ಲೆಕ್ಕ ಹೇಳುತ್ತಾರೆ, ಜಾತಿಯ ಮಾತು ಬರುವುದು ಅಪರೂಪ.

ಆ ಕಣ್ಣನ್ನು ತಯಾರಿಸುವ ಓದಿಗೇ ಈಗ ಪೊರೆ ಬರುತ್ತಿದೆ. ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗೆ ಮೀನುಗಾರಿಕೆ ಪದವಿಯೂ ಅರ್ಹತೆ. ಬುದ್ಧಿವಂತ ಹುಡುಗ ಹುಡುಗಿಯರು ಮೂರನೇ ವರ್ಷಕ್ಕೇ ಆ ಪರೀಕ್ಷೆಯ ಪುಸ್ತಕ ಹಿಡಿದರೆ ತಪ್ಪು ಅವರದಲ್ಲ. ಮನೆಯಲ್ಲಿ ಸಾಲವಿರುತ್ತದೆ, ಇಲಾಖೆಯ ನೇಮಕಾತಿ ಯಾವಾಗ ಎಂದು ಯಾರಿಗೂ ಗೊತ್ತಿರುವುದಿಲ್ಲ. ಕೊನೆಯ ವರ್ಷದಲ್ಲಿ ಊರಲ್ಲಿದ್ದು ಕಲಿಯುವ, ಕಾರ್ಖಾನೆಯಲ್ಲಿ ಕಲಿಯುವ ಅವಧಿ ಪಠ್ಯಕ್ರಮದಲ್ಲಿದೆ. ಅದು ನಿಜವಾಗಿ ಟ್ರಾಲ್‌ಬೋಟಿನ ಮೇಲೆ ಕಳೆದ ರಾತ್ರಿಯೋ, ದಾಖಲೆಗೆ ತೆಗೆದ ಗುಂಪಿನ ಫೋಟೋವೋ ಎಂಬುದನ್ನು ಆಯಾ ಕಾಲೇಜಿನ ಅಧ್ಯಾಪಕರು ಎದೆ ಮುಟ್ಟಿಕೊಂಡು ಹೇಳಲಿ. ಮೀನಿನ ಜಾತಿ ಗುರುತಿಸುವ ಹಿರಿಯರೊಬ್ಬರು ನಿವೃತ್ತರಾದಾಗ ಅವರ ಕುರ್ಚಿಗೆ ಯಾರು ಬಂದರು ಎಂದು ವಿಚಾರಿಸಿ. ಅದು ಪತ್ರಿಕೆಯ ಸುದ್ದಿಯಾಗುವುದಿಲ್ಲ. ಬೀಳ್ಕೊಡುಗೆ, ಶಾಲು, ಹಾರ, ಅಲ್ಲಿಗೆ ಮುಗಿಯಿತು.

ಇದರ ನಡುವೆ ವರದಿಗಳು ಮಾತ್ರ ದಪ್ಪವಾಗುತ್ತಿವೆ. ಯಾವ ಪಾಠ ಯಾವ ಗುರಿಗೆ ಹೊಂದುತ್ತದೆ ಎಂದು ಕೋಷ್ಟಕ ಬರೆದು ಟಿಕ್ ಹಾಕುವುದು ಉನ್ನತ ಶಿಕ್ಷಣದ ಹೊಸ ರೂಢಿ. ಬಲೆಯ ಕಣ್ಣಿನ ಪಾಠಕ್ಕೆ ಹದಿನಾಲ್ಕನೇ ಗುರಿಯ ಟಿಕ್ ಬೀಳುತ್ತದೆ. ಅದೇ ಊರಿನ ಬಲೆಗಳಿಗೆ ಎಂಥ ಕಣ್ಣಿದೆ ಎಂದು ಆ ವರ್ಷ ಯಾರಾದರೂ ಅಳೆದರೇ? ಕೋಷ್ಟಕದಲ್ಲಿ ಅದಕ್ಕೆ ಜಾಗವಿಲ್ಲ.

ಉಪಗ್ರಹ ಇದೆ, ಆ್ಯಪ್ ಇದೆ, ಫೋನಿಗೆ ತೋರಿಸಿದರೆ ಮೀನಿನ ಹೆಸರು ಅದೇ ಹೇಳುತ್ತದೆ ಎನ್ನುವವರಿದ್ದಾರೆ. ಇರಲಿ, ಬಳಸಲಿ. ಆದರೆ ಫೋನು ಹೇಳಿದ್ದು ತಪ್ಪಾದಾಗ ತಪ್ಪೆನ್ನಲು ಒಬ್ಬರು ಬೇಕು.

ಹಿಂದುಳಿದದ್ದನ್ನು ಆಮೇಲೆ ಸರಿಪಡಿಸೋಣ ಎಂಬ ಸಮಾಧಾನವೂ ಕೇಳಿಬರುತ್ತದೆ. ಈ ವಿಷಯದಲ್ಲಿ ‘ಆಮೇಲೆ’ ಇಲ್ಲ. ಇಂದು ಅಳೆಯದೆ ಬಿಟ್ಟ ಮೀನನ್ನು ನಾಳೆ ಅಳೆಯಲಾಗದು. ಸರಣಿಯಲ್ಲಿ ಐದು ವರ್ಷ ಕಡಿದುಹೋದರೆ ಎಷ್ಟು ಕೋಟಿ ಸುರಿದರೂ ಆ ಐದು ವರ್ಷ ಮರಳುವುದಿಲ್ಲ. ಕೇಂದ್ರದ ಮತ್ಸ್ಯ ಸಂಪದ ಯೋಜನೆಗೆ 2020ರಲ್ಲಿ 20,050 ಕೋಟಿ ರೂಪಾಯಿ ಎಂದರು. ದಕ್ಕೆ, ಬೋಟು, ಶೈತ್ಯಾಗಾರ ಹಣದಿಂದ ಏಳುತ್ತವೆ. ಕಡಿದ ಅಳತೆ ಏಳದು.

ಮಾಡಬಹುದಾದದ್ದು ದೊಡ್ಡದೇನಲ್ಲ. ಪ್ರತಿ ದಕ್ಕೆಗೂ ವಾರಕ್ಕೆ ಗೊತ್ತಾದ ದಿನ ವಿದ್ಯಾರ್ಥಿಗಳ ಒಂದು ತಂಡ ಹೋಗಲಿ. ಅಳೆದದ್ದಕ್ಕೆ ಅಂಕ ಸಿಗಲಿ, ಅಳೆದ ಲೆಕ್ಕ ಕನ್ನಡದಲ್ಲಿ ಬೋಟು ನಡೆಸುವ ತಂಡೇಲರ ಕೈಗೂ ಸೇರಲಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧದಲ್ಲಿ ಬೋಟುಗಳು ಕಟ್ಟಿ ನಿಂತಿರುತ್ತವೆ, ತಂಡೇಲರು ಊರಲ್ಲೇ ಇರುತ್ತಾರೆ. ಅವರನ್ನು ಗೌರವಧನ ಕೊಟ್ಟು ತರಗತಿಗೆ ಕರೆಯಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಒಣಮೀನು ಮಾರುವ ಹೆಂಗಸರನ್ನೂ ಕರೆಯಿರಿ. ಯಾವ ಮೀನು ಯಾವ ವರ್ಷ ಸಣ್ಣದಾಯಿತು ಎಂದು ಅವರಷ್ಟು ನಿಖರವಾಗಿ ಹೇಳುವವರು ಕಡಿಮೆ.

ಇಲಾಖೆ ತನ್ನ ತಾಂತ್ರಿಕ ಹುದ್ದೆಗಳನ್ನು ಈ ಪದವೀಧರರಿಂದಲೇ, ವರ್ಷ ತಪ್ಪದೆ ತುಂಬಲಿ. ಕೆಲಸ ಸಿಗುತ್ತದೆಂದು ಖಾತ್ರಿಯಾದರೆ ಮಕ್ಕಳು ಬ್ಯಾಂಕಿನ ಪುಸ್ತಕ ಪಕ್ಕಕ್ಕಿಡುತ್ತಾರೆ.

2026ರಲ್ಲಿ ಬಿ.ಎಫ್.ಎಸ್‌ಸಿ. ಸೇರುವವರು ಹೊರಬರುವುದು 2030ರಲ್ಲಿ. ಹದಿನೇಳು ಗುರಿಗಳ ಅಂತಿಮ ಗಡುವೂ 2030. ಗಡುವಿನೊಳಗೆ ಓದು ಮುಗಿಸುವ ಕೊನೆಯ ತಂಡ ಅದು.

ಸೀಟು ಹಂಚಿಕೆ ಶುರುವಾಗುವ ಮುನ್ನ ವಿಶ್ವವಿದ್ಯಾಲಯವೂ ಇಲಾಖೆಯೂ ತಮ್ಮಲ್ಲಿ ಖಾಲಿ ಇರುವ ಹುದ್ದೆಗಳ ಪಟ್ಟಿ ಪ್ರಕಟಿಸಲಿ. ಪ್ರತಿ ಹುದ್ದೆಯ ಎದುರು ಅದು ಎಂದಿನಿಂದ ಖಾಲಿ, ಎಂದಿಗೆ ಭರ್ತಿ ಎಂಬ ಎರಡು ದಿನಾಂಕಗಳಿರಲಿ.