ಕೂಲಿ ಅಂದ್ರ ಅಡವಿಟ್ಟ ಬಂಗಾರ ಅಲ್ಲ

ಭಾಗ 1/7

ಫೋಟೋದಾಗ ಇರೋದು ನಮ್ಮ ಅವ್ವನ ಪಾಸ್‌ಬುಕ್. ಹೆಸರು, ನಂಬರ್ ಮುಚ್ಚೀನಿ. ಆಕಿನ್ನ ಕೇಳೇ ಹಾಕೀನಿ. ಈ ಸಲ ರೀಲ್ ಇಲ್ಲ, ತಾರಕೇಶ್ವರ ಗುಡಿ ಮುಂದಿನ ಫೋಟೋನೂ ಇಲ್ಲ. ಏಳು ಭಾಗ ಅದಾವು, ದಯವಿಟ್ಟು ಪೂರ್ತಿ ಓದ್ರಿ.

ಅವ್ವ ಬೀಜದ ಗೋದಾಮಿನಲ್ಲಿ ಕೆಲಸ ಮಾಡ್ತಾಳ. ಬೆಳಿಗ್ಗೆ ಒಂಬತ್ತಕ್ಕೆ ಹೋದ್ರ ಸಂಜೆ ಆರಕ್ಕೆ ಬರೋದು. ಹೋದ ತಿಂಗಳು ಪಗಾರ ₹9,400 ಜಮಾ ಆತು ಅಂತ ಮೆಸೇಜ್ ಬಂತು. ನನ್ನ ಪರೀಕ್ಷಾ ಶುಲ್ಕ ಕಟ್ಟೋ ಕೊನೇ ದಿನ ಹತ್ರ ಬಂದಿತ್ತು. ಹಾನಗಲ್ ಬಸ್ ಸ್ಟ್ಯಾಂಡ್ ಹತ್ರದ ಎಟಿಎಂಗೆ ಹೋದ್ವಿ. ಕಾರ್ಡ್ ಹಾಕಿದ್ರ ‘ಸಾಕಷ್ಟು ಹಣ ಇಲ್ಲ’ ಅಂತು. ಮತ್ತೊಮ್ಮೆ ಹಾಕಿದ್ವಿ, ಅದೇ ಮಾತು. ಹಿಂದೆ ಐದಾರು ಜನ ಸಾಲಿನಾಗ ನಿಂತಿದ್ರು. ಅವ್ವ ನನ್ನ ಕಡೆ ನೋಡಿ, ‘ನಾ ಏನರ ತಪ್ಪು ಒತ್ತಿದ್ನೇನು?’ ಅಂದ್ಲು.

ಆಕಿ ತಪ್ಪು ಒತ್ತಿರಲಿಲ್ಲ.

ಭಾಗ 2/7

ಮರುದಿನ ಬ್ಯಾಂಕಿಗೆ ಹೋದ್ವಿ. ಯಾವ ಬ್ಯಾಂಕು ಅಂತ ಹೇಳಲ್ಲ, ಯಾಕಂದ್ರ ಇದು ಒಂದು ಬ್ಯಾಂಕಿನ ಕತೆ ಅಲ್ಲ. ಕೌಂಟರ್‌ನವರು ಕಂಪ್ಯೂಟರ್ ನೋಡಿ, ‘ಅಕೌಂಟ್ ಹೋಲ್ಡ್ ಐತಿ. ನಿಮ್ಮ ಮನೆಯವರ ಬೆಳೆಸಾಲ ಸುಸ್ತಿ ಐತಿ, ನೀವು ಜಾಮೀನು’ ಅಂದ್ರು. ಅಷ್ಟೇ. ಪತ್ರ ಇಲ್ಲ, ನೋಟಿಸ್ ಇಲ್ಲ, ಒಂದು ಫೋನೂ ಇಲ್ಲ.

ಅಪ್ಪ ಸಾಲ ಮಾಡಿದ್ದು ಖರೆ. ಗೋವಿನಜೋಳ ಎರಡು ವರ್ಷ ಕೈಕೊಟ್ಟಿದ್ದೂ ಖರೆ. ಅವ್ವ ಸಹಿ ಮಾಡಿದ್ದೂ ಖರೆ. ಯಾವ ಹಾಳೆಗೆ ಅಂತ ಆಕಿಗೆ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ.

ಬಿಕಾಂ ಓದೋರೇ, ಇದು ನಮ್ಮ ಸಿಲೆಬಸ್‌ನಾಗೇ ಐತಿ. 1872ರ ಭಾರತೀಯ ಕರಾರು ಕಾಯ್ದೆಯ 171ನೇ ಕಲಂ, ಬ್ಯಾಂಕರ್‌ನ ಲೀನ್. ಅದರ ಪಕ್ಕದಾಗೇ ಸೆಟ್-ಆಫ್, ಅಂದ್ರ ನಿನ್ನ ಠೇವಣಿಯನ್ನ ನಿನ್ನ ಸಾಲಕ್ಕೆ ವಜಾ ಮಾಡ್ಕೊಳ್ಳೋ ಹಕ್ಕು. ಐದು ಮಾರ್ಕ್ಸಿಗೆ ಬಾಯಿಪಾಠ ಮಾಡಿದ್ವಿ. ಅದಕ್ಕ ಷರತ್ತುಗಳೂ ಅದಾವು: ಎರಡೂ ಖಾತೆ ಒಬ್ಬರದೇ ಹೆಸರಿನಾಗ, ಒಂದೇ ಹಕ್ಕಿನಾಗ ಇರಬೇಕು, ಸಾಲ ಈಗಲೇ ಕಟ್ಟಬೇಕಾದದ್ದು, ಮೊತ್ತ ಖಚಿತ ಆಗಿರಬೇಕು. ಆ ಷರತ್ತು ಬರೀಲಿಲ್ಲ ಅಂದ್ರ ನಮಗ ಎರಡು ಮಾರ್ಕ್ಸ್ ಕಟ್. ಬ್ಯಾಂಕು ಮರೆತರ ಯಾರು ಕಟ್ ಮಾಡ್ತಾರ?

ಭಾಗ 3/7

ಈಗ ನನ್ನ ಅಸಲಿ ತಕರಾರಿಗೆ ಬರ್ತೀನಿ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಕಲಂ 60. ಸಾಲಗಾರನ ಯಾವ ಆಸ್ತಿ ಜಪ್ತಿ ಮಾಡಬಹುದು, ಯಾವುದನ್ನ ಮುಟ್ಟಂಗಿಲ್ಲ ಅಂತ ಅಲ್ಲಿ ಪಟ್ಟಿ ಐತಿ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಮುಟ್ಟಂಗಿಲ್ಲ. ರೈತನ ಬೇಸಾಯದ ಸಾಮಾನು ಮುಟ್ಟಂಗಿಲ್ಲ. ಕೂಲಿಕಾರರ ಮತ್ತು ಮನೆಗೆಲಸದವರ ಕೂಲಿಯನ್ನೂ ಮುಟ್ಟಂಗಿಲ್ಲ. ಸಂಬಳ ಆದ್ರ, ಜೀವನಾಂಶದ ಡಿಕ್ರಿ ಬಿಟ್ಟು ಬೇರೆ ಡಿಕ್ರಿಗಳಿಗೆ, ಮೊದಲ ₹1,000 ಮತ್ತು ಉಳಿದದ್ದರ ಮೂರರಲ್ಲಿ ಎರಡು ಭಾಗ ಜಪ್ತಿಯಿಂದ ಹೊರಗೆ.

ಲೆಕ್ಕ ಮಾಡೋಣ. ಅವ್ವಂದು ‘ಕೂಲಿ’ ಅಲ್ಲ ‘ಸಂಬಳ’ ಅಂತಾನೇ ಇಟ್ಕೊಳ್ರಿ. ₹9,400ರಲ್ಲಿ ₹1,000 ತೆಗೆದ್ರ ₹8,400. ಅದರ ಮೂರರಲ್ಲಿ ಎರಡು ಭಾಗ ₹5,600. ಒಟ್ಟು ₹6,600 ಆಕಿಗೆ. ಕೋರ್ಟು ಮುಟ್ಟಬಹುದಾದದ್ದು ಹೆಚ್ಚಂದ್ರ ₹2,800.

ಅಂದ್ರ ಒಬ್ಬ ನ್ಯಾಯಾಧೀಶ, ಕೇಸು ನಡೆಸಿ, ಎರಡೂ ಕಡೆ ಕೇಳಿ, ಡಿಕ್ರಿ ಕೊಟ್ಟ ಮೇಲೂ ಅವ್ವನ ₹6,600 ಮುಟ್ಟಂಗಿಲ್ಲ. ಆದ್ರ ಬ್ಯಾಂಕಿನ ಒಂದು ಕ್ಲಿಕ್, ಯಾರನ್ನೂ ಕೇಳದೆ, ಪೂರಾ ₹9,400 ಹಿಡೀತದ.

ಬ್ಯಾಂಕಿನವರು ಹೇಳ್ತಾರ: ‘ಕಲಂ 60 ಕೋರ್ಟಿನ ಜಪ್ತಿಗೆ ಮಾತ್ರ. ನಮ್ಮದು ಕರಾರಿನ ಹಕ್ಕು.’ ಅಕ್ಷರದ ಪ್ರಕಾರ ಹಂಗೇ ಇರಬಹುದು. ಅದೇ ನನ್ನ ಸಿಟ್ಟು. ಕೋರ್ಟಿಗೇ ಇಲ್ಲದ ಅಧಿಕಾರ ಕೌಂಟರಿಗೆ ಯಾಕ ಬೇಕು?

ಭಾಗ 4/7

ಕ್ಲಾಸಿನಾಗ ಒಬ್ಬ ಕೇಳಿದ: ‘ಸಾಲ ತಗೊಂಡ ಮೇಲೆ ಕಟ್ಟಬೇಕಲ್ಲಪಾ? ಬ್ಯಾಂಕಿನ ರೊಕ್ಕ ಅಂದ್ರ ಜನರ ಠೇವಣಿನೇ ಅಲ್ಲೇನು?’

ಹೌದು. ಕಟ್ಟಬೇಕು. ‘ಸಾಲ ಮುಳುಗಿಸ್ರಿ’ ಅಂತ ನಾ ಹೇಳ್ತಿಲ್ಲ. ಅವ್ವನೂ ಹೇಳಿಲ್ಲ. ಆಕಿ ಕೇಳಿದ್ದು, ‘ತಿಂಗಳಾ ಸಾವಿರ ಹಿಡ್ಕೊಳ್ರಿ, ಉಳಿದದ್ದು ಕೊಡ್ರಿ’ ಅಂತ.

ಆದ್ರ ಪೂರ್ತಿ ಹಿಡಿದಾಗ ಏನಾತು ಗೊತ್ತೇನು? ಕಿರಾಣಿ ಅಂಗಡಿ ಉದ್ರಿ. ನನ್ನ ಶುಲ್ಕಕ್ಕ ಓಣಿಯಾಗಿನ ಒಬ್ಬರ ಹತ್ರ ಕೈಸಾಲ, ನೂರಕ್ಕ ತಿಂಗಳಿಗೆ ಐದು ರೂಪಾಯಿ ಬಡ್ಡಿ. ವರ್ಷಕ್ಕ ಎಷ್ಟಾತು? 60 ಪರ್ಸೆಂಟ್. ಹಳೇ ಸಾಲ ವಸೂಲಿ ಮಾಡಾಕ ಹೋಗಿ, ಅದಕ್ಕಿಂತ ಕೆಟ್ಟ ಹೊಸ ಸಾಲ ಹುಟ್ಟಿಸಿದ್ರು.

ಇನ್ನೊಂದು ಐತಿ. ಪಗಾರ ಬಂದ ದಿನಾನೇ ಮಾಯ ಆಗ್ತದ ಅಂದ್ರ ಮನುಷ್ಯ ಕೆಲಸಕ್ಕ ಯಾಕ ಹೋಗಬೇಕು? ಹೋದ್ರೂ ಬ್ಯಾಂಕಿಗೆ ಯಾಕ ಹಾಕಿಸಬೇಕು? ‘ಎಲ್ಲರೂ ಖಾತೆ ತೆಗೀರಿ’ ಅಂತ 2014ರ ಆಗಸ್ಟ್‌ನಿಂದ ಜನ್ ಧನ್ ಹೆಸರಿನಾಗ ಹೇಳ್ಕೋತ ಬಂದದ್ದು ಇದಕ್ಕೇನು? ದುಡಿಯೋ ಕೈಯನ್ನೇ ಕಟ್ಟಿದ್ರ ಸಾಲ ತೀರಿಸೋದು ಯಾವ ಕೈಯಿಂದ?

ಭಾಗ 5/7

‘ಸರ್ಕಾರಕ್ಕ ಗೊತ್ತಿಲ್ಲ ಬಿಡು’ ಅನ್ನಬ್ಯಾಡ್ರಿ. ಗೊತ್ತೈತಿ.

2023ರಾಗ ಬರ ಬಿತ್ತು. ರಾಜ್ಯದ 236 ತಾಲೂಕಿನಾಗ 223 ಬರಪೀಡಿತ. ಮೊದಲ ಕಂತು ಅಂತ ರೈತರಿಗೆ ₹2,000ದವರೆಗೆ ಪರಿಹಾರ ಹಾಕಿದ್ರು. ಅದನ್ನೂ ಬ್ಯಾಂಕುಗಳು ಸಾಲಕ್ಕ ಮುರ್ಕೊಂಡಾವು ಅಂತ ದೂರು ಬಂದಾಗ, ‘ಬರ ಪರಿಹಾರ ಸಾಲಕ್ಕ ಜಮಾ ಮಾಡಬ್ಯಾಡ್ರಿ’ ಅಂತ ಸರ್ಕಾರನೇ ಹೇಳಬೇಕಾತು.

2025ರ ಜನವರಿಯಾಗ ಮೈಕ್ರೋಫೈನಾನ್ಸ್ ಕಾಟಕ್ಕ ನಮ್ಮ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ತಮ್ಮ ಮಾಂಗಲ್ಯ ಸರವನ್ನ ಮುಖ್ಯಮಂತ್ರಿಗೆ ಅಂಚೆಯಾಗ ಕಳಿಸಿ ಪ್ರತಿಭಟಿಸಿದ್ರು. ಫೆಬ್ರುವರಿಯಾಗ ಕಿರುಸಾಲದ ಬಲವಂತದ ವಸೂಲಿ ತಡೆಯೋ ಸುಗ್ರೀವಾಜ್ಞೆ ಬಂತು. ಒಳ್ಳೇದಾತು. ಆದ್ರ ರಿಸರ್ವ್ ಬ್ಯಾಂಕಿನಾಗ ನೋಂದಣಿ ಆದ ಬ್ಯಾಂಕುಗಳು ಅದರ ವ್ಯಾಪ್ತಿಯಿಂದ ಹೊರಗೆ.

ಮನೀ ಮುಂದ ಬಂದು ಕೂಗ್ಯಾಡಿದ್ರ ಅದು ಕಾಟ. ಎಸಿ ರೂಮಿನಾಗ ಕುಂತು ಸದ್ದಿಲ್ಲದೆ ಪಗಾರ ಹಿಡಿದ್ರ ಅದು ‘ಸಿಸ್ಟಮ್’. ಹಸಿವು ಎರಡರಾಗೂ ಒಂದೇ.

ನನ್ನ ಬೇಡಿಕೆ ದೊಡ್ಡದೇನಲ್ಲ. ಕೋರ್ಟಿಗೆ ಹಾಕಿದ ಗೆರೆಯನ್ನೇ ಬ್ಯಾಂಕಿಗೂ ಹಾಕ್ರಿ. ಕೂಲಿ ಮುಟ್ಟಬ್ಯಾಡ್ರಿ, ಸಂಬಳದಾಗ ಮನೀ ನಡೆಯೋವಷ್ಟು ಬಿಡ್ರಿ, ಹಿಡಿಯೋಕಿಂತ ಮೊದಲು ಕನ್ನಡದಾಗ ಒಂದು ನೋಟಿಸ್ ಕೊಡ್ರಿ.

ಭಾಗ 6/7 (ಇದನ್ನ ಸೇವ್ ಮಾಡ್ರಿ)

ನಿಮ್ಮ ಮನೆಯಾಗ ಹಿಂಗಾದ್ರ:

• ಮೊದಲು ಯಾಕ ಹೋಲ್ಡ್ ಆಗೇತಿ ಕೇಳ್ರಿ. ಸಾಲಕ್ಕೋ, ಕೋರ್ಟ್ ಆದೇಶಕ್ಕೋ, ಸೈಬರ್ ಕ್ರೈಂ ದೂರಿಗೋ? ಮೂರಕ್ಕೂ ದಾರಿ ಬೇರೆ ಬೇರೆ.

• ಬಾಯಿಮಾತಿನಾಗ ಕೇಳಬ್ಯಾಡ್ರಿ. ಅರ್ಜಿ ಕೊಡ್ರಿ: ಯಾವ ಸಾಲ, ಎಷ್ಟು ಬಾಕಿ, ಯಾವ ಕರಾರಿನ ಯಾವ ಷರತ್ತು, ನೋಟಿಸ್ ಯಾವಾಗ ಕೊಟ್ರಿ. ಇದು ದುಡಿದ ಪಗಾರ ಅಂತ ಬರೆದು ಸಂಬಳ ಚೀಟಿ ಲಗತ್ತಿಸ್ರಿ. ಸೀಲು ಹಾಕಿದ ನಕಲು ಇಲ್ಲದೆ ಹೊರಗೆ ಬರಬ್ಯಾಡ್ರಿ.

• ಮುಂದಿನ ಪಗಾರದ ತಾರೀಖಿಗಿಂತ ಮೊದಲೇ ಮಾಲೀಕರಿಗೆ ಲಿಖಿತವಾಗಿ ಹೇಳಿ ಖಾತೆ ಬದಲಿಸ್ರಿ. ಸಾಲ ಇಲ್ಲದ ಬೇರೆ ಬ್ಯಾಂಕು ಅಥವಾ ಅಂಚೆ ಕಚೇರಿ ಖಾತೆ ಆಗ್ತದ. ಬ್ಯಾಂಕ್ ಮೂಲಕವೇ ಕೊಡಬೇಕು ಅಂತ ಸರ್ಕಾರ ಗೊತ್ತುಪಡಿಸದ ಕಡೆ ವೇತನ ನಗದಾಗೂ ಕೊಡಬಹುದು, ಚೆಕ್‌ನಾಗೂ ಕೊಡಬಹುದು.

• ಚೆಕ್ ತಗೊಂಡ್ರ ಬೇರರ್ ಚೆಕ್ ಕೇಳ್ರಿ. ಎರಡು ಗೆರೆ ಎಳೆದಿದ್ರ ಅದು ಖಾತೆಗೇ ಹೋಗಬೇಕು. ಗೆರೆ ಇಲ್ಲದ ಬೇರರ್ ಚೆಕ್ಕನ್ನ ಮಾಲೀಕರ ಬ್ಯಾಂಕಿನ ಶಾಖೆಯಾಗೇ ನಗದು ಮಾಡಿಸ್ಕೋಬಹುದು. ಮರೆತು ಹೋಲ್ಡ್ ಆದ ಖಾತೆಗೆ ಹಾಕಬ್ಯಾಡ್ರಿ.

• ಶಾಖೆಗೆ ದೂರು ಕೊಟ್ಟು 30 ದಿನ ಆದ್ರೂ ಉತ್ತರ ಇಲ್ಲಂದ್ರ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೀರಿ. ಶುಲ್ಕ ಇಲ್ಲ. ಮಾಹಿತಿಗೆ 14448.

• ಕೋರ್ಟ್ ಆದೇಶ ಇದ್ರ ಆಟ ಆಡಬ್ಯಾಡ್ರಿ, ವಕೀಲರ ಹತ್ರ ಹೋಗ್ರಿ. ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿ ಜನರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಐತಿ. ತಾಲೂಕು ಕಾನೂನು ಸೇವಾ ಸಮಿತಿಯಾಗ ಕೇಳ್ರಿ, ಇಲ್ಲ 15100ಕ್ಕ ಫೋನ್ ಮಾಡ್ರಿ.

ಇದು ಸಾಲ ತಪ್ಪಿಸೋ ಉಪಾಯ ಅಲ್ಲ. ಸಾಲದ ಮಾತುಕತೆ ಬ್ಯಾಂಕಿನ ಜೊತೆ ನಡೀಲಿ, ಆದ್ರ ಹೊಟ್ಟೆಗೆ ಹಿಟ್ಟು ಇಟ್ಕೊಂಡು ನಡೀಲಿ.

ಭಾಗ 7/7

ಅರ್ಜಿ ಕೊಟ್ಟ ಮೇಲೆ, ಮೂರನೇ ಸಲ ಹೋದಾಗ, ಮ್ಯಾನೇಜರ್ ₹6,000 ಬಿಟ್ರು. ಕೆಟ್ಟ ಮನುಷ್ಯ ಅಲ್ಲ ಅವರು. ‘ಮೊದಲೇ ಬರೆದು ಕೊಟ್ಟಿದ್ರ ಮೊದಲೇ ಬಿಡ್ತಿದ್ದೆ’ ಅಂದ್ರು. ಅವ್ವ ಬಸ್ಸಿನಾಗ ಕುಂತು ಅದನ್ನೇ ಮೂರು ಸಲ ಹೇಳಿದ್ಲು: ‘ಬರೆಯಾಕ ಬರ್ತಿದ್ರ ನಾ ಗೋದಾಮಿಗೆ ಯಾಕ ಹೋಗ್ತಿದ್ದೆ?’

ಈ ಮಾತು ನನಗಷ್ಟೇ ಅಲ್ಲ, ನಿಮಗೂ. ನಮಗ ಬರೆಯಾಕ ಬರ್ತದ. ಲೀನ್, ಸೆಟ್-ಆಫ್ ಅಂತ ಐದು ಮಾರ್ಕ್ಸಿಗೆ ಬರೆದಿದ್ದನ್ನ ಒಂದು ಅರ್ಜಿಯಾಗ ಬರೀರಿ. ನಿಮ್ಮ ಓಣಿಯಾಗ, ಅಕ್ಕಿಆಲೂರಿನಾಗ, ಶಿಗ್ಗಾಂವಿಯಾಗ, ಸವಣೂರಿನಾಗ, ಹಿರೇಕೆರೂರಿನಾಗ ಯಾರದೋ ಪಾಸ್‌ಬುಕ್ಕಿನಾಗ ಈ ಹೋಲ್ಡ್ ಐತಿ. ಅವರು ನಾಚಿಕಿಗೆ ಹೇಳಂಗಿಲ್ಲ. ನೀವೇ ಕೇಳ್ರಿ.

ಐಬಿಪಿಎಸ್‌ಗೆ ಓದೋ ಗೆಳೆಯರೇ, ನಾಳೆ ಆ ಕುರ್ಚಿಯಾಗ ನೀವೇ ಕುಂದರ್ತೀರಿ. ಆ ಬಟನ್ ನಿಮ್ಮ ಬೆರಳಿನ ಕೆಳಗ ಇರ್ತದ. ಒತ್ತೋಕಿಂತ ಮೊದಲು, ಎಟಿಎಂ ಮುಂದ ನಿಂತು ‘ನಾ ತಪ್ಪು ಒತ್ತಿದ್ನೇನು’ ಅಂತ ಕೇಳಿದಾಕಿನ್ನ ನೆನೀರಿ.

ಶನಿವಾರ ಕ್ಲಾಸ್ ಮುಗಿದ ಮೇಲೆ ಲೈಬ್ರರಿ ಮೆಟ್ಟಿಲ ಮೇಲೆ ಕುಂತಿರ್ತೀನಿ. ಪಾಸ್‌ಬುಕ್, ಸಂಬಳ ಚೀಟಿ ತಗೊಂಡು ಬರ್ರಿ. ಅರ್ಜಿ ಬರೆದು ಕೊಡ್ತೀನಿ. ಪೆನ್ನು ನನ್ನದು, ಹಾಳೆ ನೀವು ತರ್ರಿ.

#ದುಡಿದ_ಪಗಾರ_ನಮ್ಮದು #ಹಾನಗಲ್ #ಬಿಕಾಂ