ಪೈರಿನ ಗುರುತು, ಹಗೇವಿನ ಸಾಕ್ಷ್ಯ

ಇಂಗ್ಲೆಂಡಿನ ಸಾಲ್ಸ್‌ಬರಿ ನಗರದ ದಕ್ಷಿಣಕ್ಕೆ, ನೆಲದ ಮೇಲೆ ನಿಂತವನ ಕಣ್ಣಿಗೆ ಬರಿಯ ಹೊಲವಾಗಿಯೇ ತೋರುವ ಲಿಟಲ್ ವುಡ್‌ಬರಿ ಎಂಬಲ್ಲಿ, ಎರಡು ಸಾವಿರ ವರ್ಷಗಳಿಗೂ ಹಿಂದೆ, ಕಬ್ಬಿಣ ಯುಗದ ಒಕ್ಕಲು ಕುಟುಂಬವೊಂದು ಸುತ್ತಲೂ ಕಂದಕ ತೋಡಿಕೊಂಡು ಬಾಳಿತ್ತೆಂಬುದನ್ನು ಮೊದಲು ಹೊರಗೆಡಹಿದ್ದು ಅಲ್ಲಿಯ ಪೈರು. ತುಂಬಿಹೋದ ಕಂದಕದಲ್ಲಿ ಮಣ್ಣಿನ ಆಳವೂ ತೇವವೂ ಅಧಿಕವಾದುದರಿಂದ, ಮಳೆ ಕೈಕೊಟ್ಟ ಬೇಸಗೆಯಲ್ಲಿ ಅದರ ಮೇಲಣ ಬೆಳೆ ಎತ್ತರವಾಗಿ ಬೆಳೆದು, ಸುತ್ತಲ ಪೈರು ಬಲಿತು ಹಳದಿಯಾದ ಬಳಿಕವೂ ಹಸುರಾಗಿಯೇ ನಿಲ್ಲುತ್ತದೆ. ಈ ವರ್ಣಭೇದವನ್ನು ವಿಮಾನದಿಂದ ಓದುವ ವಿದ್ಯೆಗೆ ಶಾಸ್ತ್ರೀಯ ಸ್ಥಾನ ದೊರಕಿಸಿದವರಲ್ಲಿ ಅಗ್ರಗಣ್ಯನು, ಮುಂಬಯಿಯಲ್ಲಿ ಜನಿಸಿ ಮೊದಲನೆಯ ಮಹಾಯುದ್ಧದಲ್ಲಿ ವಿಮಾನ ವೀಕ್ಷಕನಾಗಿದ್ದ ಒ. ಜಿ. ಎಸ್. ಕ್ರಾಫರ್ಡ್.

ಆದರೆ ಛಾಯಾಚಿತ್ರವು ಕೊಡುವುದು ಆವರಣದ ಆಕೃತಿಯನ್ನು ಮಾತ್ರ. ಆ ಆವರಣದೊಳಗಣ ಜೀವನಕ್ರಮವನ್ನಲ್ಲ. ನಾತ್ಸಿ ಆಡಳಿತದಲ್ಲಿ ಪದಚ್ಯುತನಾಗಿ ಬ್ರಿಟನ್ನಿಗೆ ಬಂದ ಜರ್ಮನ್ ಪ್ರಾಕ್ತನಶಾಸ್ತ್ರಜ್ಞ ಗೆರ್ಹಾರ್ಡ್ ಬೆರ್ಸು 1938 ಮತ್ತು 1939ರಲ್ಲಿ ಇಲ್ಲಿ ಉತ್ಖನನ ನಡೆಸುವವರೆಗೆ, ಇಂತಹ ನೆಲೆಗಳ ಗುಳಿಗಳೇ ಅಂದಿನ ಜನರ ವಾಸಸ್ಥಾನಗಳೆಂದು ವಿದ್ವಾಂಸರು ನಂಬಿದ್ದರು. ಕಂಬಗಳು ನಾಟಿದ್ದ ಕುಳಿಗಳನ್ನು ಒಂದೊಂದಾಗಿ ಗುರುತಿಸಿ, ಸುಮಾರು 15 ಮೀಟರ್ ವ್ಯಾಸದ ದುಂಡನೆಯ ಮರದ ಮನೆಯೊಂದರ ವಿನ್ಯಾಸವನ್ನು ಬೆರ್ಸು ಬಿಡಿಸಿ ತೋರಿದಾಗ, ಜನರು ಮನೆಗಳಲ್ಲಿ ವಾಸಿಸಿದರೆಂಬುದೂ ಗುಳಿಗಳಲ್ಲಿ ಧಾನ್ಯವಿರುತ್ತಿತ್ತೆಂಬುದೂ ಸಿದ್ಧವಾಯಿತು. ಯುದ್ಧದಿಂದ ಕೆಲಸ ಅರ್ಧಕ್ಕೆ ನಿಂತು, ಆತ ಬಂಧಿತನಾಗಿ ಮ್ಯಾನ್ ದ್ವೀಪಕ್ಕೆ ಹೋಗಬೇಕಾಯಿತು.

ತೇವದ ನಾಡಿನಲ್ಲಿ ಧಾನ್ಯ ನೆಲದೊಳಗೆ ಕೆಡದೆ ಉಳಿದೀತೆ ಎಂಬ ಪ್ರಶ್ನೆಗೆ, 1972ರಲ್ಲಿ ಆರಂಭವಾದ, ಪ್ರಾಚೀನ ಕೃಷಿಯ ಬಟ್ಸರ್ ಪ್ರಯೋಗಕ್ಷೇತ್ರದಲ್ಲಿ ಪೀಟರ್ ರೆನಾಲ್ಡ್ಸ್ ಉತ್ತರ ಕಂಡುಕೊಂಡರು: ಮಣ್ಣಿನಿಂದ ಮುಚ್ಚಿದ ಗುಳಿಯಲ್ಲಿ ಅಂಚಿನ ಕಾಳು ಮೊಳೆತು, ಒಳಗಣ ಆಮ್ಲಜನಕವನ್ನು ಹೀರಿ ಇಂಗಾಲಾಮ್ಲ ವಾಯುವನ್ನು ತುಂಬುವುದರಿಂದ, ನಡುವಣ ರಾಶಿ ಬಿತ್ತನೆಗೂ ಯೋಗ್ಯವಾಗಿ ಉಳಿಯುತ್ತದೆ. ಇದನ್ನು ಓದುವ ಉತ್ತರ ಕರ್ನಾಟಕದ ಒಕ್ಕಲಿಗನಿಗೆ ನೆಲದೊಳಗೆ ಧಾನ್ಯ ತುಂಬಿಡುವ ತನ್ನ ಗುಳಿ, ಹಗೇವು, ನೆನಪಾಗದಿರದು. ಬಾಯಿ ತೆರೆದೊಡನೆ ಹಗೇವಿಗೆ ಇಳಿಯಲಾಗದು, ಒಳಗೆ ಉಸಿರು ಕಟ್ಟುತ್ತದೆ ಎಂದು ಹಿರಿಯರು ಮಕ್ಕಳಿಗೆ ಹೇಳುತ್ತ ಬಂದ ಎಚ್ಚರಿಕೆ, ಆ ಪ್ರಯೋಗವು ಅಳೆದು ತೋರಿದ ವಾಯುವನ್ನೇ ಕುರಿತದ್ದು. ಭೂಶೋಧನೆಯಷ್ಟೇ ಘನವಾದ ಪ್ರಮಾಣವೊಂದು ಕೃಷಿಕರ ಅನುಭವದಲ್ಲಿ ಅಡಗಿದೆಯೆಂದು ನಾನು ದೃಢವಾಗಿ ನಂಬುತ್ತೇನೆ.

ಈ ಎರಡು ಪ್ರಮಾಣಗಳೂ ಇಂದು ಸವೆಯುತ್ತಿವೆ. ಇಂಗ್ಲೆಂಡಿನಲ್ಲಿ ಸಂರಕ್ಷಿತವೆಂದು ಘೋಷಿತವಾದ ನೆಲೆಗಳಲ್ಲಿಯೂ, ಮೊದಲಿನಿಂದ ನಡೆದುಬಂದ ಉಳುಮೆಯನ್ನು ಮುಂದುವರಿಸಲು 1994ರ ಆದೇಶವೊಂದು ಅವಕಾಶವೀಯುತ್ತದೆ. ನೇಗಿಲಿನ ಪ್ರತಿಯೊಂದು ಸಾಲೂ ಕಂಬದ ಕುಳಿಯ ಮೇಲಂಚನ್ನು ಕೆರೆಯುವಲ್ಲಿ, ರೈತನಿಗೆ ತಕ್ಕ ಪರಿಹಾರವಿತ್ತು ಆ ತುಂಡು ನೆಲವನ್ನು ಹುಲ್ಲಿಗೆ ಬಿಡಿಸುವುದೇ ನ್ಯಾಯವಾದ ಮಾರ್ಗ. ನಮ್ಮಲ್ಲಿಯಾದರೋ, ಉಗ್ರಾಣಗಳೂ ಗೋಣಿಚೀಲಗಳೂ ಬಂದಮೇಲೆ ಹಗೇವುಗಳು ಮುಚ್ಚಿಹೋಗಿವೆ, ಅವನ್ನು ತೋಡಿ ತುಂಬಿ ತೆರೆದ ಕೈಗಳೂ ವಿರಳವಾಗುತ್ತಿವೆ. ನಮ್ಮ ವಿಶ್ವವಿದ್ಯಾನಿಲಯಗಳ ಪ್ರಾಕ್ತನಶಾಸ್ತ್ರ ವಿಭಾಗಗಳು ಊರೂರಿಗೆ ಹೋಗಿ, ಹಗೇವಿನ ಅಳತೆ, ಮಣ್ಣಿನ ಗುಣ, ಒಳಗೆ ಹಾಸಿದ ಹುಲ್ಲು, ಬಾಯಿ ಮುಚ್ಚುವ ಕ್ರಮ ಇವೆಲ್ಲವನ್ನೂ ಬಲ್ಲವರಿಂದ ಕೇಳಿ ದಾಖಲಿಸತಕ್ಕದ್ದು. ವಿಶೇಷವಾಗಿ, ಬಳಕೆ ತಪ್ಪಿದ ಹಗೇವಿನೊಳಗೆ ಊರವರು ಏನೇನನ್ನು ಎಸೆದರು, ಅದು ಎಷ್ಟು ಮಳೆಗಾಲಗಳಲ್ಲಿ ಯಾವ ಪದರಗಳಾಗಿ ತುಂಬಿತು ಎಂಬುದನ್ನು ಬರೆದಿಡಬೇಕು; ಏಕೆಂದರೆ ಬೆರ್ಸುವಿನಂತಹ ಶೋಧಕನ ಕೈಗೆ ಸಿಗುವುದು ಧಾನ್ಯ ತುಂಬಿದ ಗುಳಿಯಲ್ಲ, ಹೀಗೆ ಕಸ ತುಂಬಿದ ಗುಳಿ.