ಮನಸ್ಸಿನ ಮೇಲಣ ಹತೋಟಿಗೂ ಅಳತೆಗೋಲುಂಟೆ?

ಅಳತೆಗೆ ಸಿಕ್ಕದುದು ವಿಜ್ಞಾನವಾಗಲಾರದೆಂಬುದು ಭೌತಶಾಸ್ತ್ರವನ್ನು ಬೋಧಿಸುವ ನಮ್ಮಲ್ಲಿ ಅನೇಕರ ಹೆಮ್ಮೆಯ ನಂಬಿಕೆ. ತಂದೆತಾಯಿಗಳು ಮಕ್ಕಳ ಮನಸ್ಸಿನ ಮೇಲೆ ನಡೆಸುವ ಹತೋಟಿಯನ್ನು ಮನೋವಿಜ್ಞಾನಿಗಳು ಅಳೆಯುತ್ತಾರೆಂದರೆ ಇಂಥವರು ನಗುವುದುಂಟು. ಈ ನಗೆ ಉಚಿತವಲ್ಲ; ಆ ಅಳತೆಯನ್ನು ವಿಚಾರಿಸದೆ ನಂಬುವುದೂ ಉಚಿತವಲ್ಲ.

ಅಳೆಯತಕ್ಕ ವಸ್ತು ಯಾವುದೆಂಬುದನ್ನು ಮೊದಲು ನಿಶ್ಚಯಿಸೋಣ. ಕತ್ತಲಾಗುವ ಮೊದಲು ಮನೆ ಸೇರಬೇಕೆಂದು ಕಟ್ಟಳೆ ಮಾಡುವುದು ನಡತೆಯ ಹತೋಟಿ. ಹೇಳಿದಂತೆ ಕೇಳದ ಮಗನೊಡನೆ ಮಾತು ಬಿಡುವುದು, ಪಟ್ಟ ಕಷ್ಟಗಳನ್ನು ಎಣಿಸಿ ಮಗಳಲ್ಲಿ ಅಪರಾಧಭಾವವನ್ನು ಹುಟ್ಟಿಸುವುದು ಮಾನಸಿಕ ಹತೋಟಿ. ಅಮೆರಿಕದ ಅರ್ಲ್ ಷೇಫರ್ 1965ರಲ್ಲಿ ತಂದೆತಾಯಿಗಳ ವರ್ತನೆಯನ್ನು ಮಕ್ಕಳಿಂದಲೇ ಕೇಳಿ ತಿಳಿಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. 1996ರಲ್ಲಿ ಬ್ರಯನ್ ಬಾರ್ಬರ್ ಈ ಎರಡು ಹತೋಟಿಗಳನ್ನು ಬೇರ್ಪಡಿಸಿ, ಎರಡನೆಯದಕ್ಕೆಂದೇ ಎಂಟು ವಾಕ್ಯಗಳ ಮಾಪಕವನ್ನು ಮುಂದಿಟ್ಟರು. ಪ್ರತಿಯೊಂದು ವಾಕ್ಯಕ್ಕೂ 'ಹಾಗಲ್ಲ', 'ಸ್ವಲ್ಪಮಟ್ಟಿಗೆ ಹಾಗೆ', 'ಬಹಳ ಹಾಗೆ' ಎಂದು ಮೂರು ಉತ್ತರಗಳು. ಅವಕ್ಕೆ 1, 2, 3 ಅಂಕಗಳು. ಎಂಟನ್ನೂ ಕೂಡಿಸಿದರೆ ಮೊತ್ತವು 8ರಿಂದ 24ರವರೆಗೆ ಬರಬಹುದು.

ಈ ಮೊತ್ತ ಎಂಥ ಸಂಖ್ಯೆ? ಸೆಂಟಿಗ್ರೇಡ್ ಉಷ್ಣಮಾಪಕಕ್ಕೆ ಕರಗುವ ಹಿಮ, ಕುದಿಯುವ ನೀರು ಎಂಬ ಎರಡು ಸ್ಥಿರಬಿಂದುಗಳು ಆಧಾರವಾಗಿದ್ದುವು. ಇಲ್ಲಿ ಅಂಥ ಬಿಂದುವಿಲ್ಲ. ಆದ್ದರಿಂದ 16 ಅಂಕ ಪಡೆದ ಮನೆಯಲ್ಲಿ 8 ಅಂಕದ ಮನೆಗಿಂತ ಎರಡರಷ್ಟು ಹತೋಟಿಯಿದೆಯೆನ್ನಲಾಗದು; ಹೆಚ್ಚು ಕಡಮೆಗಳ ಕ್ರಮವನ್ನಷ್ಟೇ ಹೇಳಬಹುದು. ಎಂಟು ಉತ್ತರಗಳೂ ಪರಸ್ಪರ ಹೊಂದುತ್ತವೆಯೇ ಎಂಬುದನ್ನು ಲೀ ಕ್ರೊನ್‌ಬಾಕ್ 1951ರಲ್ಲಿ ವಿವರಿಸಿದ ಗುಣಾಂಕದಿಂದ ಪರೀಕ್ಷಿಸುವುದುಂಟು. ಆದರೆ ತಪ್ಪು ಗಡಿಯಾರವೊಂದನ್ನು ನೋಡಿ ಸರಿಪಡಿಸಿದ ಎಂಟು ಗಡಿಯಾರಗಳೂ ಒಂದೇ ವೇಳೆಯನ್ನು ತೋರಿಸುತ್ತವೆ! ಹೊಂದಾಣಿಕೆಯೇ ಸತ್ಯವಲ್ಲ.

'ಮಕ್ಕಳ ಮಾತನ್ನು ನಂಬುವುದೆಂತು? ಹೆತ್ತವರ ಉದ್ದೇಶ ಒಳ್ಳೆಯದಲ್ಲವೆ?' ಎಂಬ ಆಕ್ಷೇಪಣೆ ಸಹಜವಾದುದು. ಆದರೆ ಇಲ್ಲಿ ಅಳೆಯುತ್ತಿರುವುದು ಉದ್ದೇಶವನ್ನಲ್ಲ, ಅನುಭವವನ್ನು. ನೋವು ಎಷ್ಟಿದೆಯೆಂದು ವೈದ್ಯನು ರೋಗಿಯನ್ನೇ ಕೇಳುವುದಿಲ್ಲವೆ? ಹಾಗೆಂದು ಆ ಅಂಕವು ತಂದೆತಾಯಿಗಳ ಮೇಲಿನ ತೀರ್ಪಾಗದು. ಅಂಕ ಹೆಚ್ಚಿದ್ದವರಲ್ಲಿ ಖಿನ್ನತೆಯೂ ಹೆಚ್ಚಾಗಿ ಕಂಡುಬಂದಿದೆ, ನಿಜ. ಆದರೆ ಖಿನ್ನನಾದವನಿಗೆ ಮನೆಯವರ ಮಾತು ಹೆಚ್ಚು ಕಠಿನವಾಗಿ ಕೇಳಿಸುವ ಸಂಭವವೂ ಉಂಟು. ಒಂದು ಸಲದ ಅಳತೆಯಿಂದ ಯಾವುದು ಕಾರಣ, ಯಾವುದು ಕಾರ್ಯ ಎಂದು ತಿಳಿಯುವುದಿಲ್ಲ. ಅದಕ್ಕೆ ಅದೇ ಮಕ್ಕಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಪ್ರಶ್ನಿಸಬೇಕು.

ಇನ್ನೊಂದು ಎಚ್ಚರಿಕೆ ನಮಗೇ ಸಂಬಂಧಿಸಿದ್ದು. ಇಂಥ ಪ್ರಶ್ನಾವಳಿಯನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ ಸಾಲದು. ಮಗಳು ಒಪ್ಪಲಿಲ್ಲವೆಂದು ತಾಯಿ ಊಟ ಬಿಟ್ಟು ಮಲಗುವುದು, 'ನೆಂಟರ ಮುಂದೆ ತಲೆಯೆತ್ತದಂತೆ ಮಾಡಿದೆ' ಎನ್ನುವುದು ನಮ್ಮಲ್ಲಿ ಕಂಡುಬರುವ ರೀತಿಗಳು. ಇವು ಪರದೇಶದ ವಾಕ್ಯಗಳಲ್ಲಿ ಸಿಕ್ಕದೆ ಹೋಗಬಹುದು. ಬೆಲ್ಜಿಯಮ್ಮಿನ ಬಾರ್ಟ್ ಸೂನೆನ್ಸ್ ಮತ್ತು ಸಂಗಡಿಗರು 2010ರಲ್ಲಿ ಈ ಹತೋಟಿಯನ್ನು ಎರಡಾಗಿ ವಿಂಗಡಿಸಿದರು: ಮಕ್ಕಳನ್ನು ತಮ್ಮಿಂದ ಅಗಲದಂತೆ ಹಿಡಿದಿಡುವುದು ಒಂದು, ಸಾಧನೆಗಾಗಿ ಒತ್ತಾಯಿಸುವುದು ಇನ್ನೊಂದು. ಪರೀಕ್ಷೆಯ ಅಂಕಗಳೇ ಮನೆಯ ಪ್ರೀತಿಯನ್ನು ನಿರ್ಧರಿಸುವ ಕಡೆಗಳಲ್ಲಿ ಎರಡನೆಯದು ವಿಶೇಷ ಗಮನಕ್ಕೆ ಅರ್ಹ.

ಕನ್ನಡ ವಿದ್ಯಾರ್ಥಿಗಳ ನಡುವೆಯೇ ಪರೀಕ್ಷಿಸಿ ಸಿದ್ಧಪಡಿಸಿದ ಮಾಪಕವನ್ನು ಕಾಲೇಜುಗಳು ಬಳಸಬೇಕೆಂದು ನನ್ನ ಮತ. ಉತ್ತರಿಸುವವರ ಹೆಸರು ಗುಪ್ತವಾಗಿರಬೇಕು. ಉತ್ತರವು ಮನೆಗೆ ತಲುಪಕೂಡದು. ಬಿಡಿ ವಿದ್ಯಾರ್ಥಿಗೆ ಹಣೆಪಟ್ಟಿ ಹಚ್ಚಲು ಅದನ್ನು ಉಪಯೋಗಿಸಬಾರದು. ತಾನು ಆರಿಸಿಕೊಳ್ಳದ ವಿಷಯವನ್ನು ಓದುತ್ತ, ಬೇಡವೆನ್ನಲು ಮನಸ್ಸು ಬಂದರೂ ಅದನ್ನೇ ಪಾಪವೆಂದು ಭಾವಿಸಿ ಕೊರಗುವ ತರುಣನಿಗೆ, ಈ ಕೊರಗು ತನ್ನೊಬ್ಬನದಲ್ಲ, ಇದಕ್ಕೊಂದು ಹೆಸರಿದೆ, ಇದನ್ನು ಶೋಧಿಸುವವರಿದ್ದಾರೆ ಎಂದು ತಿಳಿಯುವುದೇ ದೊಡ್ಡ ಉಪಕಾರ.